ನಮ್ಮ ಹುಡುಗರ ಅಪ್ಪಾರು

ಜಮೀನಿನ ದಾಖಲೆಗಳನ್ನು ಬ್ಲಾಕ್‌ಚೈನಿಗೆ ಏರಿಸುವ ಪ್ರಯೋಗ ನಮ್ಮ ಕಡೆ ಶುರುವಾದಾಗ ಬೆಟಗೇರಿಯಲ್ಲಿ ನನ್ನಷ್ಟು ಕುಣಿದವರು ಇನ್ನೊಬ್ಬರಿರಲಿಲ್ಲ. ಜೀವಮಾನದಲ್ಲಿ ಒಂದು ರೂಪಾಯಿ ಲಂಚ ಕೊಟ್ಟವನಲ್ಲ ನಾನು. ಅದಕ್ಕೇ ನನ್ನ ಒಂದು ಕೆಲಸವೂ ಸಮಯಕ್ಕೆ ಆಗಿರಲಿಲ್ಲ. ಇನ್ನು ಮುಂದೆ ಒಂದು ನಮೂದಿಗೆ ಇನ್ನೊಂದನ್ನು ಸರಪಳಿಯಂತೆ ಹೆಣೆದು ಹತ್ತಾರು ಕಂಪ್ಯೂಟರುಗಳಲ್ಲಿ ಇಡುತ್ತಾರಂತೆ, ಒಮ್ಮೆ ಬರೆದದ್ದನ್ನು ಯಾವ ಸಾಹೇಬನೂ ಗುಟ್ಟಾಗಿ ತಿದ್ದಲಾರನಂತೆ. ಇದನ್ನು ವಿವರಿಸಿ ವಿವರಿಸಿ, ಜನ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದ್ದರು.

ಅದೇ ಹೊತ್ತಿಗೆ ಮುಂಡರಗಿ ಕಡೆ ಇರುವ ನಮ್ಮಕ್ಕನ ಗಂಡ ತೀರಿಕೊಂಡರು. ಅವರ ಹೊಲ ಅಕ್ಕನ ಹೆಸರಿಗೆ ಆಗಬೇಕಿತ್ತು. ನಾನೇ ಕಚೇರಿಗೆ ಕರೆದುಕೊಂಡು ಹೋದೆ. ಕೌಂಟರಿನ ಹುಡುಗಿ ತೀರಿಕೊಂಡವರ ಹೆಸರು ನೋಡಿ, "ಇವರು ನಿಮಗ ಏನಾಗ್ಬೇಕ್ರಿ?" ಎಂದಳು. ಗಂಡನ ಹೆಸರಿರಲಿ, ಗಂಡ ಎಂಬ ಶಬ್ದವನ್ನೇ ಬಾಯಿಗೆ ತಂದವಳಲ್ಲ ನಮ್ಮಕ್ಕ. ಸೆರಗು ಸರಿಪಡಿಸಿಕೊಂಡು, "ನಮ್ಮ ಹುಡುಗರ ಅಪ್ಪಾರ್ರಿ" ಎಂದಳು. ನಾನು ಪಾಳಿಯಲ್ಲಿ ನಿಂತವರಿಗೆ ಸರಪಳಿಯ ಮಹಿಮೆ ಹೇಳುತ್ತಿದ್ದ ಗದ್ದಲದಲ್ಲಿ ಆ ಹುಡುಗಿಗೆ ಕೇಳಿಸಿದ್ದು ಅಪ್ಪಾರು ಎಂಬುದಷ್ಟೇ. 'ತಂದೆ' ಎಂದು ಒತ್ತಿದಳು.

ಹೀಗೆ ನಮ್ಮಕ್ಕ ತನ್ನ ಗಂಡನಿಗೇ ಮಗಳಾದಳು, ತನ್ನ ಮಕ್ಕಳಿಗೆ ಅಕ್ಕನಾದಳು. ಬೇರೆ ಕಾಗದಗಳಿಗೆ ಇದು ತಾಳೆಯಾಗದೆ ಹೊಲದ ಕೆಲಸ ನಿಂತಿತು.

ಮರುವಾರ ಲಕೋಟೆಯಲ್ಲಿ ನೋಟು ಹಾಕಿಕೊಂಡು ಅಧಿಕಾರಿಯ ಬಳಿ ಹೋದೆ. ಹೌದು, ನಾನೇ. ಅವರು ಲಕೋಟೆ ನೋಡಿ ನಿಟ್ಟುಸಿರು ಬಿಟ್ಟರು.

"ಇಸ್ಕೊಂಡು ಏನ್ ಮಾಡ್ಲಿರಿ? ಅದು ಅಳಸಾಕ ಬರಂಗಿಲ್ಲ. ಅದರ ಕೆಳಗ ಹೊಸಾದು ಬರೀಬೇಕು. ನಿಮ್ಮ ಅಕ್ಕಾರು ಬಂದು ಕ್ಯಾಮೆರಾ ಮುಂದ, ಇವರು ನನ್ನ ಗಂಡ ಅಂತ ಹೆಸರು ಹಿಡದು ಹೇಳ್ಬೇಕು."

"ಅಕಿ ಬದಲಿ ನಾ ಹೇಳಿದ್ರ ನಡೀತೈತೇನ್ರಿ?"

"ನಿಮಗೂ ಗಂಡ ಏನ್ರಿ ಅವರು?"

ಅಕ್ಕನಿಗೆ ತಿಳಿಸಿದೆ. "ಹೊಲಾ ಹೋದ್ರ ಹೋಗ್ಲಿ, ನಾ ಒಲ್ಲೆ" ಎಂದಳು. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. "ಇನ್ನ ಕಡಿಮಿ ಆಗಾಕ ಏನ್ ಉಳದೈತಿ?" ಎಂದುಬಿಟ್ಟೆ. ಆ ಮಾತಿಗೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಸೀರೆ ಬದಲಿಸಿ ಹೊರಟು ನಿಂತಳು. ಆ ಹೊಲ ಬಿಟ್ಟರೆ ಅವಳದೆಂಬುದು ಬೇರೇನೂ ಇರಲಿಲ್ಲ.

ಕ್ಯಾಮೆರಾ ಮುಂದೆ ಕಣ್ಣು ಮುಚ್ಚಿ, ಒಂದೇ ಸಲ, ಸ್ಪಷ್ಟವಾಗಿ ಹೇಳಿದಳು. "ಆತ್ರಿ. ಇನ್ನ ಇದನ್ನ ಯಾರೂ ಅಳಸಾಕ ಬರಂಗಿಲ್ಲ" ಎಂದರು ಅಧಿಕಾರಿ, ಹೆಮ್ಮೆಯಿಂದ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು. ಬೆಂಚಿನ ಮೇಲೆ ಕುಳಿತ ಮೇಲೆ ಅಕ್ಕ ಹೇಳಿದಳು: "ಯಾರೂ ಇಲ್ಲದಾಗ ಒಮ್ಮೆಯಾದ್ರೂ ನನ್ನ ಹೆಸರು ಹಿಡದು ಕರಿ ಅಂತಿದ್ರೋ ತಮ್ಮಾ ಅವರು. ನಾ ಕರೀಲೇ ಇಲ್ಲ."