ಬೆನ್ನಿಗೇ ಬಂದ ಚೆಂಡು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಇಫ್ತಿಕಾರ್, ಮಗಳು ಕೌಸರ್ ಬ್ಯಾಟು ಹಿಡಿದು ನಿಂತರೆ ಗಿರಾಕಿಯನ್ನೂ ಮರೆತುಬಿಡುತ್ತಿದ್ದ. ಸಂಜೆ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಅವನು ಚೆಂಡೆಸೆಯುತ್ತಿದ್ದ, ಅವಳು ಹೊಡೆಯುತ್ತಿದ್ದಳು. "ಪಿಯುಸಿ ಓದೋ ಹುಡುಗಿ, ಮೊಹಲ್ಲಾದೋರು ಏನಂತಾರೆ" ಎಂದು ಹೆಂಡತಿ ಜಬೀನ್ ಗೊಣಗುತ್ತಿದ್ದಳು. ಗೊಣಗಿಕೊಂಡೇ ನಿಂತು ನೋಡುತ್ತಿದ್ದಳು.

ಒಮ್ಮೆ ಲಾರಿ ಟೈರಿಗೆ ಗಾಳಿ ತುಂಬುವಾಗ ಚಕ್ರದ ಕಬ್ಬಿಣದ ರಿಂಗ್ ಸಿಡಿದು ಅವನ ಬಲಭುಜ ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಮೇಲೇಳದಾಯಿತು. ಮಗಳಿಗೆ ಚೆಂಡೆಸೆಯುವವರು ಯಾರು? ಆಗ ಹೊಳೆದದ್ದೇ ಯಂತ್ರ. ಹಳೆಯ ಕಂಪ್ರೆಸರ್ ಟ್ಯಾಂಕಿಗೆ ಉದ್ದನೆಯ ಕೊಳವೆ ಜೋಡಿಸಿದ. ಅದರೊಳಕ್ಕೆ ಚೆಂಡುಗಳು ಒಂದರ ಹಿಂದೊಂದು ಇಳಿಯುವಂತೆ ಮೇಲೊಂದು ಕೊಳವೆ ನಿಲ್ಲಿಸಿದ. ವಾಲ್ವ್ ತೆರೆದು ಮುಚ್ಚಿದರೆ ಒಂದು ಚೆಂಡು ಹಾರುತ್ತಿತ್ತು. ಮತ್ತೆ ತೆರೆದರೆ ಇನ್ನೊಂದು.

ಕಾಲೇಜಿನ ದೈಹಿಕ ಶಿಕ್ಷಕ ಹನುಮಂತರಾಯ ಬಂದು ನೋಡಿ, "ಇಂಥಾದ್ದು ದಾವಣಗೆರೇಲೂ ನೋಡಿಲ್ಲ ಕಣ್ರಿ" ಎಂದರು. ಆ ವರ್ಷ ಕೌಸರ್ ಕಾಲೇಜು ತಂಡಕ್ಕೆ ಆಯ್ಕೆಯಾದಳು. ಪಂದ್ಯ ಮೊಳಕಾಲ್ಮೂರಿನಲ್ಲಿ, ತೊಗಲಿನ ಚೆಂಡಿನಲ್ಲಿ. ಅಲ್ಲಿಯವರೆಗೆ ಟೆನಿಸ್ ಚೆಂಡು ಎಸೆಯುತ್ತಿದ್ದ ಯಂತ್ರಕ್ಕೆ ಇಫ್ತಿಕಾರ್ ಕೊಳವೆ ಬದಲಿಸಿ ತೊಗಲಿನ ಚೆಂಡು ತುಂಬಿದ.

ಪಂದ್ಯ ಹತ್ತಿರ ಬಂದಿತ್ತು. ಸೆಕೆಯೆಂದು ಕೌಸರ್ ಹೆಲ್ಮೆಟ್ ತೆಗೆದಿಟ್ಟಿದ್ದಳು.

"ಹಾಕ್ಕೋ ಬೇಟಿ" ಎಂದ.

"ಇದೊಂದು ಓವರ್ ಅಬ್ಬಾ, ಆಮೇಲೆ ಮನೆಗೆ ಹೋಗಾಣ."

ಅವನು ವಾಲ್ವ್ ತೆರೆದ. ಮೊದಲ ಚೆಂಡನ್ನು ಅವಳು ಸೊಗಸಾಗಿ ಹೊಡೆದು, ಅದು ಹೋದತ್ತ ಕತ್ತು ಹೊರಳಿಸಿದಳು. ವಾಲ್ವಿನ ವಾಷರ್ ಸಿಕ್ಕಿಕೊಂಡಿತ್ತು; ಮುಚ್ಚಿದರೂ ಗಾಳಿ ನಿಲ್ಲಲಿಲ್ಲ. ಎರಡನೆಯ ಚೆಂಡು ಮೊದಲನೆಯದರ ಬೆನ್ನಿಗೇ ಬಂದು ಅವಳ ಕಣ್ಣಿಗೆ ಬಡಿಯಿತು.

ದಾವಣಗೆರೆಯ ಆಸ್ಪತ್ರೆಗೆ ಒಯ್ದರೂ ಎಡಗಣ್ಣು ಉಳಿಯಲಿಲ್ಲ. ಜಬೀನ್ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಅವನಿಗನ್ನಿಸುತ್ತಿತ್ತು.

ಹನುಮಂತರಾಯ ಮನೆಗೆ ಬಂದು, "ಬೇಕಂತ ಮಾಡಿದ್ದಲ್ವಲ್ರೀ ಸಾಬ್ರೆ" ಎಂದು ಸಮಾಧಾನ ಹೇಳಿದರು.

"ಹಳೇ ಟ್ಯೂಬ್ ಕತ್ತರಿಸಿ ಆ ವಾಷರ್ ಮಾಡಿದ್ದು ಈ ಕೈನೇ ಸಾರ್."

ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಗಾಯ ಮಾಗಿದ ಮೇಲೆ ಒಂದು ಸಂಜೆ ಇಫ್ತಿಕಾರ್ ಯಂತ್ರವನ್ನು ಬಿಚ್ಚುತ್ತಿದ್ದಾಗ ಕೌಸರ್ ಬ್ಯಾಟು ಹಿಡಿದು ಬಂದಳು. "ಅಬ್ಬಾ, ಕೈಯಿಂದ ಹಾಕು. ಮೆತ್ತಗೆ" ಎಂದಳು.

ಅವನು ಟೆನಿಸ್ ಚೆಂಡನ್ನು ಎಡಗೈಯಿಂದ ಹೂ ಹಾಕಿದಂತೆ ಹಾಕಿದ. ಅವಳು ಬೀಸಿದಳು, ತಗಲಲಿಲ್ಲ. ಮತ್ತೆ ಹಾಕಿದ. ಚೆಂಡು ದಾಟಿಹೋದ ಮೇಲೆ ಬ್ಯಾಟು ಬಂತು. ಇನ್ನೂ ಹತ್ತಿರ ಬಂದು ಹಾಕಿದ. ಅದೂ ತಪ್ಪಿತು.

"ಹತ್ರ ಐತೋ ದೂರ ಐತೋ ಗೊತ್ತೇ ಆಗ್ತಿಲ್ಲ ಅಬ್ಬಾ" ಎಂದಳು. ಅಳಲಿಲ್ಲ. ಬ್ಯಾಟನ್ನು ಅಲ್ಲೇ ನೆಲದ ಮೇಲಿಟ್ಟು ಮನೆಯ ಕಡೆ ನಡೆದಳು.

ಆಮೇಲೆ ಕಂಪ್ರೆಸರ್ ಸದ್ದಾದರೆ ಸಾಕು, ಇಫ್ತಿಕಾರ್ ಓಡಿಹೋಗಿ ಅದನ್ನು ಆರಿಸಿಬಿಡುತ್ತಿದ್ದ. ಗಾಳಿಯಿಲ್ಲದೆ ಪಂಕ್ಚರ್ ಅಂಗಡಿ ಹೇಗೆ ನಡೆದೀತು? ಬಾಗಿಲು ಹಾಕಿದ. ಈಗ ಎಣ್ಣೆ ಮಿಲ್ಲೊಂದರಲ್ಲಿ ಎಡಭುಜದ ಮೇಲೆ ಶೇಂಗಾ ಹಿಂಡಿಯ ಚೀಲ ಹೊರುತ್ತಾನೆ. ಕೌಸರ್ ಕಾಲೇಜು ಬಿಟ್ಟಿದ್ದಾಳೆ. ಅಪ್ಪ ಬಂದಾಗ ನೀರು ಕೊಡುತ್ತಾಳೆ, ಊಟ ಬಡಿಸುತ್ತಾಳೆ. ಅವನು ತಟ್ಟೆ ನೋಡಿಕೊಂಡೇ ಉಣ್ಣುತ್ತಾನೆ.