ಉತ್ತರ ದಿಕ್ಕಿಗೆ ಯಾರು?

ಆಂಧ್ರದ ಗಡಿಯೂರು ಆದವಾನಿಯ ಬಸ್ ನಿಲ್ದಾಣದ ಎದುರು ನನ್ನ ಮೊಮ್ಮಗಳು ಗಿರಿಜಾ ಹತ್ತು ಅಡಿ ಎತ್ತರ ನಿಂತಿದ್ದಾಳೆ. ಫ್ಲೆಕ್ಸಿನಲ್ಲಿ. (ನಿಜವಾದ ಎತ್ತರ ಐದಡಿ ಒಂದಂಗುಲ, ಅಳತೆಯಲ್ಲಿ ನಾನು ತಪ್ಪುವವನಲ್ಲ.) ಪ್ರವೇಶ ಪರೀಕ್ಷೆ ಬರೆದು ಕಾನೂನು ಕಾಲೇಜಿನಲ್ಲಿ ಸೀಟು ಪಡೆದ ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿ’ ಎಂದು ಕೋಚಿಂಗ್ ಸೆಂಟರಿನವರು ತೆಲುಗಿನಲ್ಲಿ ಬರೆಸಿದ್ದಾರೆ.

ಹೆಮ್ಮೆಯೆ? ಕಳೆದ ವರ್ಷ ಅವಳನ್ನು ಸೇರಿಸಲು ಹೋದ ದಿನ ಅಲ್ಲಿನ ಇಂಗ್ಲಿಷ್ ಸರ್ ಅರ್ಜಿ ನೋಡಿ ನಕ್ಕಿದ್ದರು.

“ಕನ್ನಡ ಮೀಡಿಯಮಾ? ನಿನಗ್ಯಾಕಮ್ಮಾ ಲಾ? ಟೈಲರಿಂಗ್ ಕಲ್ತ್ಕೋ, ಬಾಗುಂಟುಂದಿ.” ಅದೇ ಚೆನ್ನಾಗಿರುತ್ತದಂತೆ. ನನ್ನೆದುರೇ ಹೇಳಿದರು.

ಗಿರಿಜಾ ಮನೆಗೆ ತಂದದ್ದು ಕಠಿಣ ಇಂಗ್ಲಿಷ್ ಶಬ್ದಗಳ ದಪ್ಪ ಪಟ್ಟಿ. ಒಂದೊಂದರ ಮುಂದೆ ಒಂದೊಂದು ತೆಲುಗು ಅರ್ಥ. ಬೆಳಿಗ್ಗೆ ಉರು ಹೊಡೆದದ್ದು ಸಂಜೆಗೆ ಮಾಯ.

“ತಾತಾ, ಒಂದೂ ತಲ್ಯಾಗ ನಿಲ್ಲವಲ್ದು.”

ನಾನು ಮೂವತ್ತೆರಡು ವರ್ಷ ರಿಜಿಸ್ಟ್ರಾರ್ ಕಚೇರಿಯ ಎದುರು ಕುಳಿತು ಕ್ರಯಪತ್ರ ಬರೆದವನು. ಸರ್ವೆ ನಂಬರ್ ಒಂದನ್ನೇ ಬರೆದರೆ ಹೊಲ ಗುರುತಾಗುವುದಿಲ್ಲ. ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಎಂದು ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬೇಕು. ಶಬ್ದಕ್ಕೇಕೆ ಬೇಡ?

ಪಟ್ಟಿಯಲ್ಲಿ ‘ಕಂಡಿಸೆಂಡಿಂಗ್’ ಎಂದಿತ್ತು. ತಾನು ಮೇಲಿನವನೆಂದುಕೊಂಡು, ಕೃಪೆ ತೋರಿದಂತೆ ಮಾತನಾಡುವ ಗುಣ. ಚೆಕ್ಕುಬಂದಿ ಹೇಳಿದೆ. ಪೂರ್ವಕ್ಕೆ, ನನ್ನ ಪೆನ್ನಿನಿಂದಲೇ ಸಹಿ ಮಾಡಿ, ಅದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿಸಿದ ಅಧಿಕಾರಿ. ಪಶ್ಚಿಮಕ್ಕೆ, ಎಲ್ಲರಿಗೂ ಕುರ್ಚಿ ಹಾಕಿ ನನಗೆ ಸ್ಟೂಲು ತೋರಿಸಿದ ಕೋಸಗಿಯ ಬೀಗರು. ದಕ್ಷಿಣಕ್ಕೆ, ನನ್ನ ಬಿಳಿಗೂದಲು ಕಂಡೊಡನೆ ಕಿವುಡನೆಂದು ತೀರ್ಮಾನಿಸಿ ಕೂಗುವ ಬ್ಯಾಂಕಿನ ಹೆಣ್ಣುಮಗಳು.

“ಉತ್ತರಕ್ಕ ಯಾರು ತಾತ?”

“ಅದನ್ನ ನೀನಾ ತುಂಬಬೇಕವ್ವ. ಇಲ್ಲಂದ್ರ ಶಬ್ದ ನಿನ್ನ ಹೆಸರಿಗೆ ಆಗಂಗಿಲ್ಲ.”

ಪ್ರತಿ ಶಬ್ದಕ್ಕೂ ಹೀಗೆಯೇ ಮೂರು ದಿಕ್ಕು ನನ್ನವು, ಉತ್ತರ ಅವಳದು. (ನನ್ನ ಸಂಗ್ರಹಕ್ಕೆ ಬರ ಬರಲಿಲ್ಲ.) ಮೂರು ತಿಂಗಳಲ್ಲಿ ಗಿರಿಜಾ ಕೋಚಿಂಗಿನ ಟೆಸ್ಟಿನಲ್ಲಿ ಮೊದಲಿಗಳಾದಳು. ಸರ್‌ಗೆ ಸಂತೋಷವಾಗಬೇಕಿತ್ತು. ಸಂಶಯವಾಯಿತು. ಕಾಪಿ ಹೊಡೆದಿದ್ದಾಳೆಂದು ಬೋರ್ಡಿನ ಮುಂದೆ ನಿಲ್ಲಿಸಿ, ‘ಕಂಡಿಸೆಂಡಿಂಗ್’ ಶಬ್ದಕ್ಕೆ ಉದಾಹರಣೆ ಕೊಡು ಎಂದರು.

ಹುಡುಗಿ ಉತ್ತರ ದಿಕ್ಕನ್ನು ಓದಿಬಿಟ್ಟಳು. “ನೀವು ನನಗ ಟೈಲರಿಂಗ್ ಕಲ್ತ್ಕೋ ಅಂದ್ರಲ್ಲ ಸರ್, ಅದು.”

ಕ್ಲಾಸು ನಕ್ಕಿತು. ಸರ್ ಬಾಗಿಲು ತೋರಿಸಿದರು, ಗಿರಿಜಾ ಹೊರಗೆ ಬಂದಳು.

ಪರೀಕ್ಷೆಗೆ ಒಂಬತ್ತು ದಿನವಿತ್ತು. ಅರ್ಜಿ ತುಂಬಿದವರು ಕೋಚಿಂಗಿನವರೇ ಆದ್ದರಿಂದ ಹಾಲ್ ಟಿಕೆಟ್ ಅವರ ಕೈಯಲ್ಲಿತ್ತು. ನಾನು ಅವಳನ್ನು ಕರೆದುಕೊಂಡು ಹೋದೆ. ಸರ್ ಕುಳಿತೇ ಕೇಳಿದರು (ಪೆದ್ದಾಯನ ಎಂದರೆ ತೆಲುಗಿನಲ್ಲಿ ಹಿರಿಯರು): “ಏನ್ರಿ ಪೆದ್ದಾಯನಾ, ಮನ್ಯಾಗ ಇದನ್ನ ಕಲಿಸೀರಾ?”

“ನಿಮ್ಮ ಪಟ್ಟಿಯಾಗಿನ ಶಬ್ದನಾ ಕಲಿಸೀನ್ರಿ.”

“ಕ್ಷಮಾಪಣೆ ಬರ್ದು ಕೊಡ್ರಿ, ಇಬ್ರೂ ಸಹಿ ಮಾಡ್ರಿ. ಹಾಲ್ ಟಿಕೆಟ್ ತಗೊಂಡು ಹೋಗ್ರಿ.”

ಗಿರಿಜಾ ನನ್ನ ತೋಳು ಹಿಡಿದಳು. “ತಾತ, ಬ್ಯಾಡ. ಮುಂದಿನ ವರ್ಷ ಬರೀತೀನಿ.”

ಊರಿನ ಎಷ್ಟು ಜನರ ಆಸ್ತಿಗೆ ನಾನು ಕಾಗದ ಬರೆದಿಲ್ಲ! ಒಂದಕ್ಷರ ಹೊಡೆದುಹಾಕದೆ ಇದನ್ನೂ ಬರೆದೆ. ಅವಳು ಸತ್ಯವನ್ನಾಡಿದ್ದಕ್ಕೆ ಇಬ್ಬರೂ ವಿಷಾದಿಸುತ್ತೇವೆ ಎಂದು ಬರೆಯಲು ಕೈ ತುಡಿಯಿತು. ‘ಅವಿಧೇಯತೆಗಾಗಿ’ ಎಂದು ಬರೆದೆ. ಸಹಿ ಮಾಡಿದೆ. ಅವಳೂ ಮಾಡಿದಳು, ಕಾಗದ ಹರಿಯುವಷ್ಟು ಒತ್ತಿ.

ಮನೆಯವರೆಗೆ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಮೊನ್ನೆ ಅದೇ ಸರ್ ಫೋನ್ ಮಾಡಿದ್ದರು. ಸ್ವರದಲ್ಲಿ ಬೆಲ್ಲ. “ಪೆದ್ದಾಯನಾ, ಭಾನುವಾರ ಮಮ್ಮಗಳಿಗೆ ಸನ್ಮಾನ. ನೀವೂ ಸ್ಟೇಜ್ ಮ್ಯಾಲೆ ಎರಡು ಮಾತಾಡ್ಬೇಕು.”

“ಬರ್ತೀವ್ರಿ. ಅದಕ್ಕೂ ಮೊದಲು ನಮ್ಮ ಕಾಗದ ವಾಪಸ್ ಕೊಡ್ರಿ.”

ಸರ್ ಕೇಳಿದ್ದು ನಾಟಕವಲ್ಲ, ನಿಜವಾದ ಗೊಂದಲದಿಂದ.

“ಯಾವ ಕಾಗದಾರೀ?”

ಕ್ಷಮಾಪಣೆ ಬರೆಸಿಕೊಂಡವರಿಗೇ ಅದರ ನೆನಪೂ ಇರದಂತೆ ಮಾಡುವ ಈ ಗುಣಕ್ಕೆ, ಅವರ ಅಷ್ಟು ದಪ್ಪ ಪಟ್ಟಿಯಲ್ಲಿ ಒಂದಾದರೂ ಶಬ್ದವಿದೆಯೆ?