ಆಯಿಯ ಗಾಡಿಯಲ್ಲಿ ನಿಲ್ಲುತ್ತಿದ್ದ ಫ್ರಿಜ್

ಕಾಕಾ ಹಳೆಯ ಟೆಂಪೊ ಕೊಂಡು, ಹಿಂದಿನ ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಫ್ಯಾನು, ಬ್ಯಾಟರಿಯಿಂದ ನಡೆಯುವ ಚಿಕ್ಕ ಫ್ರಿಜ್ ಕೂಡಿಸಿದ್ದು ಆಯಿಗಾಗಿ. ಆಯಿ ನನ್ನ ಅಪ್ಪನಿಗೂ ಕಾಕಾಗೂ ತಾಯಿ, ಅರ್ಧ ಆಯುಷ್ಯ ಕುರಿಗಳ ಹಿಂದೆ ನಡೆದವಳು. ಜಮಖಂಡಿಯ ಮನೆಯಲ್ಲಿ ನಾಲ್ಕು ದಿನ ಕೂತರೆ ಐದನೆಯ ದಿನ ಅವಳಿಗೆ ಬಯಲು ಬೇಕು. ಆದರೆ ಈಗ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು, ನಮ್ಮ ಬಿಸಿಲಿಗೆ ಅದು ಕೆಡುತ್ತದೆ. ಫ್ರಿಜ್ ಇದ್ದದ್ದೇ ಅದಕ್ಕೆ.

ಅದು ಮೂರು ಸಲ ನಿಂತಿತು. ನನ್ನ ಲೆಕ್ಕದ ವಹಿಯಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೇನೆ: ಬೀಳಗಿಯ ಹತ್ತಿರ, ತೇರದಾಳದಲ್ಲಿ, ಸಮೀರವಾಡಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ. ಮೂರೂ ಸಲ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಫ್ರಿಜ್ ಮಾತ್ರ ಒಮ್ಮೆ ಗುರ್ ಎಂದು ಸುಮ್ಮನಾಗುತ್ತಿತ್ತು. ಕಾಕಾ ಬ್ಯಾಟರಿಯ ವೈರ್ ಜಗ್ಗಾಡಿದರೆ ಮತ್ತೆ ಶುರು. ಎರಡನೆಯ ಸಲದ ನಂತರ ಮುಧೋಳದಲ್ಲಿ ಹೊಸ ಬ್ಯಾಟರಿಯನ್ನೇ ಹಾಕಿಸಿದರು. ಆದರೂ ಮೂರನೆಯ ಸಲ ನಿಂತದ್ದು ಗೊತ್ತಾಗುವಷ್ಟರಲ್ಲಿ ಇನ್ಸುಲಿನ್ ಬೆಚ್ಚಗಾಗಿತ್ತು. ಅವ್ವ ಅದನ್ನು ಚೆಲ್ಲಿ ಕಾಕಾಗೆ ಹೇಳಿದಳು:

"ಇನ್ನೊಮ್ಮೆ ಹಿಂಗಾತಂದ್ರ ಅತ್ತಿಯಾರನ್ನ ಕಳಸೂದಿಲ್ಲ ನೋಡ್ರಿ."

 

ಮರುದಿನ ನಾನು ವಹಿಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಹಿಡಿದು ನೋಡಿದೆ. ಮೂರೂ ಸಲ ಅಮಾವಾಸ್ಯೆಯಾಗಿ ಒಂದೆರಡು ದಿನಕ್ಕೆ ನಿಂತಿತ್ತು.

"ಅಮಾಸಿ ಪೂಜಾ ಮಾಡೇ ನಾವು ಊರು ಬಿಡತೀವಿ. ಅದರಾಗ ಏನ್ ಹುಡಕತಿ?" ಎಂದರು ಕಾಕಾ.

ಅದೂ ನಿಜವೇ. ವೋಲ್ಟ್ ಅಳೆಯುವ ಮೀಟರ್ ತೆಗೆದುಕೊಂಡು ಗಾಡಿಗೆ ಹೋದೆ. ಫ್ಯೂಸ್ ಸರಿ ಇತ್ತು, ಫ್ರಿಜ್ಜಿನವರೆಗಿನ ವೈರೂ ಸರಿ ಇತ್ತು. ಕಾಕಾ ಫ್ರಿಜ್ ಚಾಲೂ ಮಾಡಿದಾಗ ಮೀಟರಿನ ಮೊನೆಗಳನ್ನು ಬ್ಯಾಟರಿಯ ಎರಡು ಸೀಸದ ಮೊಳೆಗಳ ಮೇಲೆ ಇಟ್ಟೆ: ಹನ್ನೆರಡೂವರೆ ವೋಲ್ಟ್. ಆ ಮೊಳೆಗಳಿಗೆ ಬಿಗಿದ ವೈರಿನ ಕ್ಲಾಂಪುಗಳ ಮೇಲೆ ಇಟ್ಟೆ: ಹತ್ತು. ಬೆರಳಗಲದ ಜಾಗದಲ್ಲಿ ಎರಡೂವರೆ ವೋಲ್ಟ್ ಮಾಯ. ದೀಪಕ್ಕೆ ಹತ್ತು ಸಾಕು, ಫ್ರಿಜ್ಜಿಗೆ ಸಾಲದು.

ಕಾಕಾ ಕ್ಲಾಂಪ್ ಬಿಚ್ಚಿದರು. ಒಳಗೆಲ್ಲ ಹಳದಿ ಮೆತ್ತಿ, ಅಂಚಿನಲ್ಲಿ ಕಪ್ಪಾಗಿತ್ತು. ಭಂಡಾರ, ದೇವರ ಅರಿಸಿನಪುಡಿ. ಪ್ರತಿ ಅಮಾವಾಸ್ಯೆಗೆ ಕಾಕಾ ಬ್ಯಾಟರಿ ತೊಳೆಯಲು ಕ್ಲಾಂಪ್ ಬಿಚ್ಚುತ್ತಾರೆ. ಗಾಡಿಯ ಜೀವ ಅಲ್ಲೇ ಇದೆಯೆಂದು ಆಯಿ ಬೀರಪ್ಪನ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಆ ಮೊಳೆಗಳಿಗೆ ಹಚ್ಚುತ್ತಾಳೆ. ಅದರ ಮೇಲೇ ಕಾಕಾ ಕ್ಲಾಂಪ್ ಬಿಗಿಯುತ್ತಾರೆ.

"ಆಯಿಗಿ ಹೇಳಬ್ಯಾಡ," ಕಾಕಾ ದನಿ ತಗ್ಗಿಸಿದರು. "ನನ್ನ ಕೈಲೇ ಗಾಡಿ ಕೆಟ್ಟತು ಅಂತ ಮನಸಿಗಿ ಹಚ್ಚಗೋತಾಳ."

"ಹೇಳಲಿಲ್ಲಂದ್ರ ಮುಂದಿನ ಅಮಾಸಿಗಿ ಮತ್ತ ಹಚ್ಚತಾಳ್ರಿ ಕಾಕಾ. ಅವ್ವ ಆಯಿನ್ನ ಗಾಡಿ ಹತ್ತಾಕ ಬಿಡೂದಿಲ್ಲ."

"ಏನ್ ಕುಸುಕುಸು ನಡಸೀರಿ ಲೇ ಅಲ್ಲಿ?"

ಆಯಿ ಹಿಂದೆಯೇ ನಿಂತಿದ್ದಳು. ನಾನು ಕ್ಲಾಂಪನ್ನು ಅವಳ ಕೈಗೆ ಕೊಟ್ಟು ಇದ್ದದ್ದನ್ನು ಹೇಳಿದೆ. ಅವಳು ಅದನ್ನು ಕಣ್ಣಿನ ಹತ್ತಿರ ತಂದು ಉಗುರಿನಿಂದ ಹಳದಿ ಕೆರೆದು ನೋಡಿದಳು. 

"ಕುರಿಗಿ ಭಂಡಾರ ಹಣಿಗಿ ಹಚ್ಚತೀವಿ, ಬಾಯಾಗ ತುರಕೂದಿಲ್ಲ," ಎಂದಳು. ಆಮೇಲೆ ಕಾಕಾನ ಕಡೆ ತಿರುಗಿದಳು. "ನಾ ಮುದುಕಿ, ನನಗ ತಿಳೀಲಿಲ್ಲ. ಬಿಗಿಯಾಂವ ನೀನು, ನಿನಗರೆ ಕಾಣಬಾರದೇನೋ ಡ್ರೈವರಪ್ಪಾ?"

ಕಾಕಾ ನಕ್ಕುಬಿಟ್ಟರು. ಬಿಸಿನೀರು, ಸೋಡಾ ಹಾಕಿ ತಿಕ್ಕಿದ್ದು ಅವರೇ. ಭಂಡಾರದ ನೀರು ಕಾಲಿಗೆ ತಾಗಬಾರದೆಂದು ಆಯಿ ಅದನ್ನು ತಾಟಿನಲ್ಲಿ ಹಿಡಿದು ಬೇವಿನ ಬುಡಕ್ಕೆ ಹಾಕಿ ಬಂದಳು. ಬಿಗಿದ ಮೇಲೆ ಕ್ಲಾಂಪಿನಲ್ಲೂ ಹನ್ನೆರಡೂವರೆಗೆ ಕೂದಲೆಳೆ ಕಡಿಮೆ.

ಅವ್ವ ಅಂಕಿ ಕೇಳಲಿಲ್ಲ. ಒಂದು ಬಾಟಲಿ ನೀರನ್ನು ಫ್ರಿಜ್ಜಿನಲ್ಲಿ ಇಟ್ಟು, ಸಂಜೆಯವರೆಗೆ ನಾಲ್ಕು ಸಲ ಬಂದು ಮುಟ್ಟಿ ನೋಡಿದಳು. ಮರುದಿನ ಚಿಕ್ಕಪಡಸಲಗಿಗೆ, ಹೊಳೆ ದಂಡೆಗೆ ಹೊರಟೆವು. ಇನ್ಸುಲಿನ್ನಿನ ಎರಡು ಬಾಟಲಿಗಳನ್ನು ಅವ್ವ ಫ್ರಿಜ್ಜಿಗೆ ಹಾಕಿದಳು. ಮೂರನೆಯದನ್ನು ಒದ್ದೆ ಅರಿವೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟು ಆಯಿಯ ಮಂಚದ ಕೆಳಗೆ ಸರಿಸಿದಳು.